ಬಿಸಿನೀರಿನ ವಿದ್ಯುತ್ತಿಗೆ ತಣ್ಣೀರಿನ ಹಂಗು

ಶಕ್ತಿನಗರದ ಶಾಖೋತ್ಪನ್ನ ಕೇಂದ್ರಕ್ಕೆ ರೈಲಿನಲ್ಲಿ ಬರುವ ಕಲ್ಲಿದ್ದಲಿನಲ್ಲಿ ಒಂದು ಪಾಲು ಸಿಂಗರೇಣಿಯದೆಂಬುದು ರಾಯಚೂರು ಸೀಮೆಯವರಿಗೆ ತಿಳಿದ ಸಂಗತಿ. ಆದರೆ ಅದೇ ಸಿಂಗರೇಣಿ ಸಂಸ್ಥೆ ಕಲ್ಲಿದ್ದಲನ್ನರಸುತ್ತ ತೆಲಂಗಾಣದ ಮಣುಗೂರಿನ ಸಮೀಪ ಪಗಿಡೇರು ಗ್ರಾಮದಲ್ಲಿ ಭೂಮಿಯನ್ನು ಕೊರೆದಾಗ ಬಿಸಿನೀರು ತಾನಾಗಿಯೇ ಮೇಲಕ್ಕುಕ್ಕಿತೆಂಬುದೂ, ಆ ನೀರಿನ ಶಾಖವನ್ನೇ ನಂಬಿ ಅಲ್ಲಿ 20 ಕಿಲೋವಾಟ್ ಸಾಮರ್ಥ್ಯದ ಪ್ರಾಯೋಗಿಕ ಸ್ಥಾವರವೊಂದನ್ನು ಸ್ಥಾಪಿಸಲಾಯಿತೆಂಬುದೂ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಶಕ್ತಿನಗರದ 1720 ಮೆಗಾವಾಟಿನ ಮುಂದೆ ಇದು ಗಣನೆಗೆ ಬಾರದ ಅಲ್ಪಾಂಶವಾದರೂ, ಅದರ ಹಿಂದಿರುವ ಯುಕ್ತಿ ಮಾತ್ರ ಅಲ್ಪವಾದುದಲ್ಲ.

ಕುದಿಯದ ನೀರಿನಿಂದ ಚಕ್ರವನ್ನು ತಿರುಗಿಸುವಷ್ಟು ಬಲವಾದ ಉಗಿ ಹುಟ್ಟದಾದ್ದರಿಂದ, ಆ ನೀರು ತನ್ನ ಶಾಖವನ್ನು ಕಡಿಮೆ ಉಷ್ಣದಲ್ಲಿಯೇ ಕುದಿಯುವ ಬೇರೊಂದು ದ್ರವಕ್ಕೆ ಧಾರೆಯೆರೆಯುತ್ತದೆ. ಆ ದ್ರವವು ಆವಿಯಾಗಿ ಟರ್ಬೈನನ್ನು ತಿರುಗಿಸಿ, ಬಳಿಕ ತಣ್ಣೀರಿನ ಕೊಳವೆಗಳ ಸಂಪರ್ಕದಿಂದ ಮರಳಿ ದ್ರವರೂಪಕ್ಕಿಳಿದು, ಪಂಪಿನ ನೂಕಿನಿಂದ ಪುನಃ ಮೊದಲಿನೆಡೆಗೆ ಸಾಗುತ್ತದೆ. 1967ರಲ್ಲಿ ರಷ್ಯದ ಕಮ್ಚಟ್ಕದಲ್ಲಿ 81 ಡಿಗ್ರಿಯ ನೀರಿನಿಂದ ಇದನ್ನು ಸಾಧಿಸಿದರು. ಹಿಮಾಚಲದ ಮಣಿಕರ್ಣದಲ್ಲಿ ನಡೆದ 5 ಕಿಲೋವಾಟಿನ ಪ್ರಯೋಗದ ಯಂತ್ರವು ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಕೃತಿಯೆಂಬುದು ಕನ್ನಡಿಗರು ಸ್ಮರಿಸಬೇಕಾದ ವಿಷಯ.

ಎಲ್ಲರೂ ಬಿಸಿಯ ಮಾತನ್ನೇ ಆಡುತ್ತಾರೆ. ಲೆಕ್ಕವನ್ನು ನಿರ್ಣಯಿಸುವುದು ತಂಪು. ಯಾವ ಉಷ್ಣಯಂತ್ರವೂ ಬಿಸಿ ತಂಪುಗಳ ಅಂತರವನ್ನು ಉಂಡೇ ಬದುಕಬೇಕೆಂದು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿಯೇ ತೋರಿಸಿದ್ದನು. ಅಲಾಸ್ಕದ ಚೀನಾ ಎಂಬ ಬಿಸಿನೀರ ಬುಗ್ಗೆಯಲ್ಲಿ 2006ರಿಂದ ಕೇವಲ 74 ಡಿಗ್ರಿಯ ನೀರು ವಿದ್ಯುತ್ತನ್ನು ಕೊಡುತ್ತಿರುವುದಕ್ಕೆ, ಪಕ್ಕದಲ್ಲಿಯೇ ಸುಮಾರು 4 ಡಿಗ್ರಿಯ ಹಿಮಶೀತಲ ತೊರೆಯಿರುವುದೂ ಕಾರಣ. ಅಲ್ಲಿ ಶಾಖದ ಐದನೆಯ ಒಂದು ಪಾಲು ವಿದ್ಯುತ್ತಾಗಬಹುದೆಂಬುದು ಸಿದ್ಧಾಂತದ ಮಿತಿ. ಯಂತ್ರಕ್ಕೆ ದಕ್ಕುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಅದೇ ಯಂತ್ರವನ್ನು ದಢೇಸುಗೂರಿನಲ್ಲಿ ತುಂಗಭದ್ರೆಯ ದಂಡೆಗೆ ತಂದಿಟ್ಟೆವೆನ್ನಿ: ವೈಶಾಖದಲ್ಲಿ ಹರಿಯುವ—ಹರಿದರೆ—ನೀರು 30 ಡಿಗ್ರಿಯದೆಂದು ಹಿಡಿದರೂ ಆ ಮಿತಿ ಎಂಟನೆಯ ಒಂದು ಪಾಲಿಗೆ ಕುಸಿಯುತ್ತದೆ. ಪಂಪುಗಳು ತಿನ್ನುವ ಪಾಲು ಬೇರೆ.

ಇನ್ನು ನಮ್ಮ ಕಾಲಡಿಯ ಶಿಲೆಯೂ ಧಾರಾಳಿಯಲ್ಲ. ಲಿಂಗಸುಗೂರಿನ ಹಟ್ಟಿಯ ಚಿನ್ನವನ್ನು ಒಡಲಲ್ಲಿಟ್ಟುಕೊಂಡ ಈ ಪ್ರಾಚೀನ ಧಾರವಾಡ ಶಿಲಾಸ್ತೋಮದಲ್ಲಿ ಆಳಕ್ಕಿಳಿದಂತೆ ಉಷ್ಣತೆ ಬಲು ಮಂದಗತಿಯಿಂದ ಏರುತ್ತದೆ. ಕೋಲಾರದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ ಬಂಡೆಯ ಬಿಸಿ ಅರವತ್ತು ಚಿಲ್ಲರೆ ಡಿಗ್ರಿಯಷ್ಟೇ ಇದ್ದಿತು. ಪುತ್ತೂರು ಸೀಮೆಯ ಬೆಂದ್ರುತೀರ್ಥವೂ ಮೀಯುವುದಕ್ಕೆ ಹಿತವಾದಷ್ಟೇ ಬೆಚ್ಚಗಿದೆ.

ಹಾಗೊಂದು ವೇಳೆ ಸಿಂಧನೂರಿನ ನೆಲದಲ್ಲಿ 70 ಡಿಗ್ರಿಯ ನೀರು ಚಿಮ್ಮಿದರೂ, ಅದನ್ನು ಟರ್ಬೈನಿಗಿಂತ ಮೊದಲು ಅಕ್ಕಿಯ ಮಿಲ್ಲುಗಳಿಗೆ ಕೊಡುವುದೇ ವಿವೇಕವೆಂದು ನನಗೆ ತೋರುತ್ತದೆ: ಕುಸುಬಲಕ್ಕಿಗಾಗಿ ಭತ್ತವನ್ನು ನೆನೆಸುವುದಕ್ಕೆ ಬೇಕಾದ ನೀರು ಹೆಚ್ಚುಕಡಿಮೆ ಅಷ್ಟೇ ಬಿಸಿಯದು, ಅಲ್ಲಿ ಆ ಶಾಖವು ಶಾಖವಾಗಿಯೇ, ಬಹುಪಾಲು ನಷ್ಟವಿಲ್ಲದೆ ವಿನಿಯೋಗವಾಗಿ, ಬಾಯ್ಲರಿನಲ್ಲಿ ಉರಿಯುವ ಭತ್ತದ ಹೊಟ್ಟು ಅಷ್ಟರಮಟ್ಟಿಗೆ ಉಳಿಯುವುದು.