ಕಪಿಲೆಯ ಸೇತುವೆ ಮತ್ತು ಎರಡು ಊರುಗಳು

ಒಂದು ಊರಿನ ಭಾಗ್ಯ ನದಿಯಿಂದ ಬರುತ್ತದೆಯೋ, ನದಿ ದಾಟುವ ದಾರಿಯಿಂದಲೋ? ಕಪಿಲಾ ನದಿಯ ದಡದಲ್ಲಿರುವ ನಂಜನಗೂಡು ಮತ್ತು ತಿ. ನರಸೀಪುರಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

ಮೈಸೂರಿನಿಂದ ಶ್ರೀಕಂಠೇಶ್ವರನ ಸನ್ನಿಧಿಗೆ ಹೊರಟ ಯಾತ್ರಿಕ ಕಪಿಲೆಯನ್ನು ದಾಟಲೇಬೇಕು. ಗುಂಡ್ಲುಪೇಟೆಯ ಮೂಲಕ ನೀಲಗಿರಿಯತ್ತ ಸಾಗುವ ಗಾಡಿಗಳಿಗೂ ಇದೇ ಹಾದಿ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಯಾತ್ರೆ, ವ್ಯಾಪಾರ ಎರಡೂ ನಿಲ್ಲುತ್ತಿದ್ದವು. 1735ರಲ್ಲಿ ದಳವಾಯಿ ದೇವರಾಜಯ್ಯನವರು ಇಲ್ಲಿ ಕಲ್ಲಿನ ಸೇತುವೆ ಕಟ್ಟಿಸಿದರು.

ಮೈಸೂರು ಸಂಸ್ಥಾನಕ್ಕೆ ಸಾರಿಗೆಯ ಬೆಲೆ ತಿಳಿದದ್ದು ಕಹಿ ಅನುಭವದಿಂದ. 1876-78ರ ಬರಗಾಲದಲ್ಲಿ ಸಂಸ್ಥಾನದ ಲಕ್ಷಾಂತರ ಜನ ಹಸಿವಿಗೆ, ರೋಗಕ್ಕೆ ಬಲಿಯಾದರು. ಧಾನ್ಯ ದೊರೆತರೂ ಅದನ್ನು ರೈಲಿಲ್ಲದ ಸೀಮೆಗಳಿಗೆ ಹೊತ್ತೊಯ್ಯಲು ಎತ್ತಿನ ಗಾಡಿಗಳೇ ಗತಿ. ಬರದಲ್ಲಿ ಎತ್ತುಗಳಿಗೂ ಮೇವಿಲ್ಲ. ಆ ಬಳಿಕ ರೈಲು ಮಾರ್ಗ ಆಡಂಬರವಲ್ಲ, ಅನ್ನದ ಪ್ರಶ್ನೆ ಎಂಬುದು ಮನದಟ್ಟಾಯಿತು. 1882ರಲ್ಲಿ ಬೆಂಗಳೂರು-ಮೈಸೂರು ಮಾರ್ಗ ಪೂರ್ಣಗೊಂಡಿತು. 1891ರಲ್ಲಿ ರೈಲು ನಂಜನಗೂಡು ತಲುಪಿತು. ಗಾಡಿ, ಕಾಲ್ನಡಿಗೆಗಳಿಗೆಂದು ಕಟ್ಟಿದ ದಳವಾಯಿ ಸೇತುವೆಯೇ ರೈಲನ್ನೂ ಹೊತ್ತಿತು. ಒಂದು ಬದಿಗೆ ಹಳಿ, ಪಕ್ಕದಲ್ಲೇ ರಸ್ತೆ!

1926ರಲ್ಲಿ ಹಳಿ ಚಾಮರಾಜನಗರಕ್ಕೆ ಮುಂದುವರಿಯಿತು. ಅಲ್ಲಿಂದ ಘಟ್ಟದಾಚೆ ತಮಿಳು ಸೀಮೆಗೆ ಜೋಡಿಸುವ ಯೋಚನೆ ಮಾತ್ರ ಕೈಗೂಡಲಿಲ್ಲ. ಮಾರ್ಗ ಇಂದಿಗೂ ಅಲ್ಲಿಗೇ ಮುಗಿಯುತ್ತದೆ.

ಕಪಿಲೆ ಹರಿದು ಕಾವೇರಿಯನ್ನು ಸೇರುವುದು ತಿರುಮಕೂಡಲಿನಲ್ಲಿ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ಇದನ್ನು ತ್ರಿವೇಣಿ ಸಂಗಮವೆಂದು ಜನ ಪೂಜಿಸುತ್ತಾರೆ. 1989ರಿಂದ ಇಲ್ಲಿ ಕುಂಭಮೇಳವೂ ನಡೆದಿದೆ. ಗುಂಜಾ ನರಸಿಂಹಸ್ವಾಮಿಯ ಗುಡಿ, ಹತ್ತಿರದ ತಲಕಾಡು, ಸೋಮನಾಥಪುರ, ನೀರುಂಡ ಭತ್ತದ ಗದ್ದೆಗಳು; ಇಲ್ಲಿ ಇಲ್ಲದ್ದು ರೈಲು ಒಂದೇ. ನಂಜನಗೂಡಿನ ಸುತ್ತ ಕಾರ್ಖಾನೆಗಳು ಎದ್ದವು, ತಿ. ನರಸೀಪುರ ಕೃಷಿಯನ್ನೇ ನೆಚ್ಚಿದ ಪೇಟೆಯಾಗಿ ಉಳಿಯಿತು. ಈ ವ್ಯತ್ಯಾಸಕ್ಕೆ ರೈಲೊಂದೇ ಕಾರಣವಲ್ಲ, ಹೆದ್ದಾರಿಯೂ ಸರ್ಕಾರದ ನೀತಿಯೂ ಸೇರಿವೆ. ಆದರೆ ದಾರಿ ಇದ್ದಲ್ಲಿಗೆ ಇನ್ನೊಂದು ದಾರಿ ಬಂದು ಸೇರುತ್ತದೆ ಎಂಬುದಂತೂ ನಿಜ.

ಬ್ರಾಡ್‌ಗೇಜ್ ಬಂದ ಮೇಲೆ ರೈಲುಗಳು ಹೊಸ ಸೇತುವೆಗೆ ಸರಿದವು. ಶತಮಾನಕ್ಕೂ ಹೆಚ್ಚು ಕಾಲ ರೈಲಿನ ಭಾರ ಹೊತ್ತ ಹಳೆಯ ಸೇತುವೆ ಈಗ ಪಾರಂಪರಿಕ ಸ್ಮಾರಕ. ಅರಮನೆ, ಯುದ್ಧಗಳಷ್ಟೇ ಚರಿತ್ರೆಯಲ್ಲ. ಹೊಳೆಯ ಮೇಲಿನ ಇಂಥ ಕಲ್ಲುಕಂಬಗಳೂ ನಾಡನ್ನು ಕಟ್ಟಿವೆ.