ನಿಮಗಿದು ಗೊತ್ತೆ? ಸೋರಿದ ರಕ್ತದ ಕಬ್ಬಿಣವೇ ಮಿದುಳಿಗೆ ವೈರಿ!

ಮಿದುಳಿನ ರಕ್ತನಾಳ ಒಡೆದರೆ ಹಾನಿ ಒಂದೇ ಏಟಿಗೆ ಮುಗಿಯುವುದಿಲ್ಲ. ಸೋರಿದ ರಕ್ತದ ಕೆಂಪು ಕಣಗಳು ಮುಂದಿನ ದಿನಗಳಲ್ಲಿ ಒಡೆಯುತ್ತವೆ. ಹಿಮೋಗ್ಲೋಬಿನ್‌ನ ಕಬ್ಬಿಣ ಹೊರಬೀಳುತ್ತದೆ. ಮೈಗೆಲ್ಲ ಆಮ್ಲಜನಕ ಹೊತ್ತು ತರುತ್ತಿದ್ದ ಅದೇ ಕಬ್ಬಿಣ ಈಗ ವಿಷ. ಅದು ಹುಟ್ಟಿಸುವ ಫ್ರೀ ರ‍್ಯಾಡಿಕಲ್‌ಗಳು ಪಕ್ಕದ ನರಕೋಶಗಳ ಪೊರೆಯನ್ನೇ ಕೆಡಿಸುತ್ತವೆ.

ಇದಕ್ಕೆ ತಡೆ ಹಾಕಲು ಆಂಟಿಆಕ್ಸಿಡೆಂಟ್‌ಗಳ ಹುಡುಕಾಟ ನಡೆದಿದೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಕೂಡ ಅವುಗಳಲ್ಲೊಂದು. ಇಲಿಗಳ ಮೇಲಿನ ಪ್ರಯೋಗದಲ್ಲಿ ಇದು ರಕ್ತಸ್ರಾವದ ನಂತರದ ಮಿದುಳಿನ ಬಾವು ಇಳಿಸಿದೆ. ಮನುಷ್ಯರಲ್ಲಿ ಅದು ಇನ್ನೂ ಸಾಬೀತಾಗಿಲ್ಲ. ತಿಂದ ಅರಿಶಿನದಿಂದ ರಕ್ತ ಸೇರುವ ಕರ್ಕ್ಯುಮಿನ್ ಅತ್ಯಲ್ಪ.

ಡೆಫೆರಾಕ್ಸಮಿನ್ ಎಂಬ ಔಷಧ ಕಬ್ಬಿಣವನ್ನೇ ಹಿಡಿದು ಕಟ್ಟಿಹಾಕುತ್ತದೆ. ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ಇದು ಮೈಯಲ್ಲಿ ಕಬ್ಬಿಣ ಹೆಚ್ಚಾಗುವ ಥಲಸ್ಸೀಮಿಯಾ ರೋಗದ ಮಕ್ಕಳಿಗೆ ಹಳೆಯ ಆಸರೆ. ಮಿದುಳಿನ ರಕ್ತಸ್ರಾವವಾದ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಔಷಧ ಸುರಕ್ಷಿತ ಎನಿಸಿತು. 90 ದಿನಗಳ ಹೊತ್ತಿಗೆ ನಿರೀಕ್ಷಿಸಿದಷ್ಟು ಗುಣ ಮಾತ್ರ ಕಾಣಲಿಲ್ಲ.

ಸದ್ಯಕ್ಕೆ ಬಿ.ಪಿ.ಯನ್ನು ಬೇಗ ಹತೋಟಿಗೆ ತರುವುದೇ ಮುಖ್ಯ ಚಿಕಿತ್ಸೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಅರಿಶಿನದ ಹಾಲು, ನೀರು ಏನನ್ನೂ ಕುಡಿಸಬೇಡಿ. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.