ಹತ್ತು ಅಂಕಿಯ ಸಂಖ್ಯೆಯನ್ನು ಒಡೆಯುವ ಬಗೆ

4,29,49,67,297. ನಾನೂರ ಇಪ್ಪತ್ತೊಂಬತ್ತು ಕೋಟಿ ದಾಟಿದ ಈ ಸಂಖ್ಯೆ ಅವಿಭಾಜ್ಯವೇ? ಮೂವತ್ತೆರಡು ಎರಡುಗಳನ್ನು ಗುಣಿಸಿ ಒಂದು ಕೂಡಿದರೆ ಇದು ಸಿಗುತ್ತದೆ: 2³² + 1. ಇದೇ ಜಾತಿಯ 3, 5, 17, 257, 65537 ಐದೂ ಅವಿಭಾಜ್ಯ. ಮುಂದಿನವೂ ಹಾಗೆಯೇ ಇರಬೇಕೆಂದು ಫ್ರಾನ್ಸಿನ ಪಿಯೆರ್ ದ ಫರ್ಮಾ 1640ರ ಸುಮಾರಿಗೆ ನಂಬಿದ್ದರು.

ಮೊದಲು ಸುಲಭದ ಪರೀಕ್ಷೆಗಳು. ಕೊನೆಯ ಅಂಕಿ 7, ಆದ್ದರಿಂದ 2 ಮತ್ತು 5 ಬಿಟ್ಟವು. ಅಂಕಿಗಳ ಮೊತ್ತ 59, ಮೂರೂ ಹೋಯಿತು. 7, 11, 13ಕ್ಕೆ ಒಂದೇ ಲೆಕ್ಕ ಸಾಕು, ಏಕೆಂದರೆ 7×11×13 = 1001. ಬಲಗಡೆಯಿಂದ ಮೂರು ಮೂರು ಅಂಕಿ ಬಿಡಿಸಿಕೊಂಡು ಒಮ್ಮೆ ಕಳೆಯುತ್ತ, ಒಮ್ಮೆ ಕೂಡುತ್ತ ಹೋಗಿ: 297 − 967 + 294 − 4 = −380. ಆ ಮೂರರಲ್ಲಿ ಯಾವುದೂ 380ನ್ನು ಶೇಷವಿಲ್ಲದೆ ಭಾಗಿಸದು. ಇಷ್ಟು ಚೆಂದದ ಪರೀಕ್ಷೆ ಪ್ರತಿ ಮಗುವಿಗೂ ಗೊತ್ತಿರಬೇಕು.

ಹೀಗೇ ಒಂದೊಂದಾಗಿ ಭಾಗಿಸುತ್ತ ಹೋದರೆ ಎಲ್ಲಿಗೆ ನಿಲ್ಲಿಸಬೇಕು? ವರ್ಗಮೂಲದವರೆಗೆ ಹೋದರೆ ಸಾಕು, ಅದು 65536ರ ಹತ್ತಿರ. ಆದರೆ ಅಷ್ಟರೊಳಗೇ 6542 ಅವಿಭಾಜ್ಯಗಳಿವೆ!

1732ರಲ್ಲಿ ಲಿಯೊನಾರ್ಡ್ ಆಯ್ಲರ್ ಇದು 641ರಿಂದ ಭಾಗವಾಗುತ್ತದೆಂದು ತಿಳಿಸಿದರು. ಹುಡುಕಾಟ ಹೇಗೆ ಕಿರಿದಾಗುತ್ತದೆಂಬ ಕಾರಣವನ್ನೂ ಮುಂದೆ ಬರೆದರು: ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಹಾಗಾದರೆ ನೋಡಬೇಕಾದವು 193, 257, 449, 577, 641... ಐದನೆಯದಕ್ಕೇ ಉತ್ತರ.

ನನಗೆ ಇದಕ್ಕಿಂತಲೂ ಇಷ್ಟವಾದದ್ದು, ಆ ಹತ್ತು ಅಂಕಿಗಳನ್ನು ಮುಟ್ಟದೆಯೇ 641ನ್ನು ಖಚಿತಪಡಿಸುವ ದಾರಿ. 641ನ್ನು ಎರಡು ರೀತಿ ಬರೆಯಬಹುದು: 5×2⁷ + 1, ಹಾಗೂ 5⁴ + 2⁴. ಮೊದಲನೆಯದರ ಪ್ರಕಾರ 5×2⁷ ಎಂಬುದು 641ಕ್ಕಿಂತ ಒಂದು ಕಡಿಮೆ, ಅಂದರೆ 641ರ ಲೆಕ್ಕದಲ್ಲಿ ಅದು −1. ಅದನ್ನು ನಾಲ್ಕು ಸಲ ಗುಣಿಸಿದರೆ 5⁴×2²⁸, ಅದರ ಬೆಲೆ +1. ಎರಡನೆಯ ರೂಪದ ಪ್ರಕಾರ 5⁴ರ ಜಾಗದಲ್ಲಿ −2⁴ ಇಡಬಹುದು. ಇಟ್ಟರೆ −2³² = 1 ಆಗುತ್ತದೆ. ಅಂದರೆ 2³² + 1ಕ್ಕೆ ಶೇಷ ಸೊನ್ನೆ! ಕಾಗದದ ಮೇಲೆ ನಾಲ್ಕು ಸಾಲು ಸಾಕು.

ಭಾಗಲಬ್ಧ 67,00,417. ಅದೂ ಒಡೆಯುತ್ತದೆಯೇ? ಅದರ ವರ್ಗಮೂಲ 2588ರ ಆಸುಪಾಸು. 64ರ ನಿಯಮ ಅದಕ್ಕೂ ಅನ್ವಯಿಸುವುದರಿಂದ 641, 769, 1153, 1217, 1409, 1601, 2113 ಇಷ್ಟನ್ನು ಪರೀಕ್ಷಿಸಿದರೆ ಮುಗಿಯಿತು. ಯಾವುದೂ ಭಾಗಿಸುವುದಿಲ್ಲ, ಅದು ಅವಿಭಾಜ್ಯ.